ಫ್ರಾಕು ತೊಟ್ಟ ಆಡು

ನಮ್ಮೂರಿನಲ್ಲಿ ಯಾರಿಗಾದರೂ ಜ್ವರ ಬಂದರೆ ಮನೆಯವರು ಮೊದಲು ಮಾಡುವ ಕೆಲಸ ಬಾಗಿಲಿಗೆ ಒಂದು ಒದ್ದೆ ಟವೆಲ್ ಕಟ್ಟುವುದು. ಅದನ್ನು ಕಂಡ ಓಣಿಯವರು ಕೈಯಲ್ಲಿದ್ದ ಕೆಲಸ ಬಿಟ್ಟು ಒಬ್ಬೊಬ್ಬರಾಗಿ ಒಳಗೆ ಬರುತ್ತಾರೆ. ಮಲಗಿದವರ ಅಂಗೈ ಮೇಲೆ ತಮ್ಮ ಅಂಗೈ ಇಟ್ಟು, ಕಣ್ಣು ಮುಚ್ಚಿ, ತಮಗೆ ತಡೆಯುವಷ್ಟು ಜ್ವರ ತೆಗೆದುಕೊಂಡು ಮನೆಗೆ ಹೋಗುತ್ತಾರೆ. ಅಲ್ಲಿ ಕೌದಿ ಹೊದ್ದು ಮಲಗಿ, ಬೆವರಿ, ಒಂದು ಬಟ್ಟಲು ಗಂಜಿ ಕುಡಿದು, ಮರುದಿನ ಎಂದಿನಂತೆ ಎದ್ದು ಅಂಗಳಕ್ಕೆ ನೀರು ಹಾಕುತ್ತಾರೆ. ಬಸುರಿ ಹೆಂಗಸರಿಗೆ ಮಾತ್ರ ಇದರಿಂದ ವಿನಾಯಿತಿ. ಅವರು ಜ್ವರದ ಮನೆಯ ಹೊಸ್ತಿಲು ತುಳಿಯುವಂತಿಲ್ಲ. ಉಳಿದವರು ಬರದಿದ್ದರೆ ಓಣಿ ಮರೆಯುವುದಿಲ್ಲ.

ಜ್ವರದ ಜೊತೆಗೆ ಕನಸೂ ಬರುತ್ತದೆ. ಯಾರ ಜ್ವರ ತಂದಿರುತ್ತೀರೋ ಅವರ ಕನಸಿನ ಒಂದು ತುಂಡು ನಿಮ್ಮ ನಿದ್ದೆಗೆ ಬಂದು ಕೂರುತ್ತದೆ. ಮರುದಿನ ಹೋಗಿ ಅದನ್ನು ಅವರಿಗೆ ಹೇಳಿ ಬರಬೇಕು, ಅದು ಪದ್ಧತಿ. ಹೀಗೆ ಹೇಳಲು ಹೋಗಿ ಆದ ಜಗಳಗಳು ಒಂದೆರಡಲ್ಲ. ಹಿಟ್ಟಿನ ಗಿರಣಿಯವನಿಗೆ ಜ್ವರ ಬಂದಾಗ, ಅವನ ಕನಸಿನಲ್ಲಿ ಅವನ ಹೆಂಡತಿ ಇಡೀ ದಿನ ಒಂದು ಮಾತೂ ಆಡದೆ ಸುಮ್ಮನಿದ್ದಳು, ಅವನು ಖುಷಿಯಿಂದ ಹಾಡು ಹೇಳುತ್ತಿದ್ದ ಎಂದು ಏಳು ಜನ ಬಂದು ವರದಿ ಒಪ್ಪಿಸಿದರು. ಅವಳು ಗಂಟುಮೂಟೆ ಕಟ್ಟಿ ತವರಿಗೆ ಹೋಗಿ ಹದಿನೈದು ದಿನ ಕುಳಿತಳು. ಆದರೂ ಹೇಳದೆ ಇರುವಂತಿಲ್ಲ. ಇನ್ನೊಬ್ಬರ ಕನಸನ್ನು ಹಿಂದಿರುಗಿಸದೆ ಇಟ್ಟುಕೊಂಡವರಿಗೆ ನಮ್ಮೂರಿನಲ್ಲಿ ಮರ್ಯಾದೆ ಇಲ್ಲ.

ನನ್ನ ಹೆಸರು ಕಸ್ತೂರಿ. ಆರೋಗ್ಯ ಕೇಂದ್ರದ ಆಶಾ ಕಾರ್ಯಕರ್ತೆ. ನಮ್ಮ ಓಣಿಯಲ್ಲಿ ಹನ್ನೆರಡು ಮನೆ, ಒಂದಕ್ಕೊಂದು ಅಂಟಿಕೊಂಡವು. ಇವರ ಗೋಡೆಯೇ ಅವರ ಗೋಡೆ. ಹನ್ನೊಂದನೆಯದು ನನ್ನದು. ಕೊನೆಯದು ಫಕೀರವ್ವನದು, ಅದರಾಚೆ ಬಯಲು. ಫಕೀರವ್ವನ ಗಂಡ ಲಾರಿ ಡ್ರೈವರ್. ಮಕ್ಕಳಿಲ್ಲ. ಅವಳು ಮನೆಯಲ್ಲೇ ಕೌದಿ ಹೊಲಿಯುತ್ತಾಳೆ. ಓಣಿಯಲ್ಲಿ ದೊಡ್ಡ ಕೈ ಎಂದರೆ ಅವಳದೇ. ಬೇರೆಯವರು ಚಮಚದಷ್ಟು ಜ್ವರ ತೆಗೆದುಕೊಂಡರೆ ಅವಳು ಚೆಂಬಿನಷ್ಟು ತೆಗೆದುಕೊಂಡು, ಏನೂ ಆಗದವಳಂತೆ ಸೂಜಿಗೆ ದಾರ ಪೋಣಿಸುತ್ತಿದ್ದಳು.

ಅಂಥವಳು ನನ್ನ ಮಗಳು ಚಂಪಾಗೆ ಜ್ವರ ಬಂದಾಗ ಬರಲಿಲ್ಲ. ಇದು ಒಂಬತ್ತು ವರ್ಷದ ಹಿಂದಿನ ಮಾತು. ಚಂಪಾಗೆ ಆಗ ಐದು ವರ್ಷ. ನನ್ನ ಗಂಡ ತೀರಿಹೋಗಿ ಇನ್ನೂ ವರ್ಷ ತುಂಬಿರಲಿಲ್ಲ. ಹತ್ತು ಮನೆಯವರು ಬಂದರು, ಪಕ್ಕದ ಮನೆಯವಳು ಬರಲಿಲ್ಲ. ಎರಡು ದಿನ ನಾನು ಬಾಗಿಲನ್ನೇ ನೋಡುತ್ತ ಕೂತೆ. ಅವಳ ಬಳೆ ಸಪ್ಪಳ ಗೋಡೆಯಾಚೆ ಕೇಳುತ್ತಿತ್ತು, ಅವಳು ಮಾತ್ರ ಇಲ್ಲ. ಮೂರನೆಯ ದಿನ ಮಧ್ಯಾಹ್ನ, ನಾನು ನೀರಿಗೆ ಹೋಗಿ ಮನೆಯಲ್ಲಿ ಮಗು ಬಿಟ್ಟು ಯಾರೂ ಇಲ್ಲದ ಹೊತ್ತಿನಲ್ಲಿ, ಮಗುವಿನ ಜ್ವರ ತಾನಾಗಿ ಇಳಿಯಿತು. ಗುಳಿಗೆ ಕೆಲಸ ಮಾಡಿತೆಂದುಕೊಂಡೆ. ಫಕೀರವ್ವ ಆಮೇಲೆ ಒಂದು ತಿಂಗಳು ಬಾಗಿಲು ತೆರೆಯಲಿಲ್ಲ. ಮುಖ ತೋರಿಸಲು ನಾಚಿಕೆಯಾಗಿದೆ ಎಂದುಕೊಂಡೆ. ನನ್ನ ಸಿಟ್ಟು ಮಾತ್ರ ಇಳಿಯಲಿಲ್ಲ. ಮೇಸ್ತ್ರಿಯನ್ನು ಕರೆಸಿ, ಅವಳ ಕಡೆಯ ಮಣ್ಣಿನ ಗೋಡೆಗೆ ನೆಲದಿಂದ ಜಂತಿಯವರೆಗೆ ಸಿಮೆಂಟು ಬಳಿಸಿದೆ. ಅವಳ ಬಳೆ ಸಪ್ಪಳವೂ ನನಗೆ ಕೇಳಬಾರದಾಗಿತ್ತು.

ಚಂಪಾಳ ಕನಸಿನ ಕತೆಯನ್ನೂ ಇಲ್ಲೇ ಹೇಳಿಬಿಡಬೇಕು. ಆ ಜ್ವರದಲ್ಲಿ ಅವಳಿಗೆ ಒಂದು ಆಡು ಬಂದಿತ್ತು. ಅವಳದೇ ಹಳದಿ ಫ್ರಾಕು ತೊಟ್ಟಿತ್ತಂತೆ. ಒಬ್ಬರ ಪಾಲಿನಲ್ಲಿ ಅದು ಶಾಲೆಗೆ ಹೋಗಿ ಹಾಜರಿ ಹೇಳಿತು. ಇನ್ನೊಬ್ಬರ ಪಾಲಿನಲ್ಲಿ ನಲ್ಲಿಗೆ ಬಾಯಿ ಹಚ್ಚಿ ನೀರು ಕುಡಿಯಿತು. ಮೂರನೆಯ ಮನೆಯ ಅಡಿವೆಪ್ಪ ಕಾಕಾ ನಿವೃತ್ತ ಬಸ್ ಕಂಡಕ್ಟರ್. ಅವನ ಪಾಲಿಗೆ ಅದು ಬಸ್ಸು ಹತ್ತಿತ್ತು. ಅರ್ಧ ಟಿಕೆಟ್ಟು ಹರಿದು ಕೊಟ್ಟೆ ಎಂದು ಅವನು ಇವತ್ತಿಗೂ ಹೇಳುತ್ತಾನೆ. ಕೊನೆಗೆ ಆಡು ಬಸ್ಸಿಳಿದು ನಮ್ಮ ಓಣಿಗೆ ಬಂದು, ನಮ್ಮ ಮನೆ ಬಾಗಿಲಲ್ಲಿ ನಿಂತಿತು. ಅಲ್ಲಿಂದ ಮುಂದೆ ಏನಾಯಿತೆಂದು ಯಾರೂ ಬಂದು ಹೇಳಲಿಲ್ಲ. ಚಂಪಾ ವರ್ಷಗಟ್ಟಲೆ ಕೇಳಿದಳು. "ಅವ್ವಾ, ನಮ್ಮ ಆಡು ಎಲ್ಲಿಗ್ಹೋತು?" ಜ್ವರ ತಾನಾಗಿ ಇಳಿದದ್ದರಿಂದ ಕನಸೂ ತಾನಾಗಿ ಹೋಗಿರಬೇಕು ಎಂದು ನಾನು ಸಮಾಧಾನ ಹೇಳುತ್ತಿದ್ದೆ.

ಹಾಗಿರುವಾಗ ಈ ಹೊಸ ಜ್ವರ ಬಂತು. ಮೊದಲು ಬಂದದ್ದು ಬೇರೆ ಊರಿಂದ ಮರಳಿದ ಕಿರಾಣಿ ಅಂಗಡಿಯವನಿಗೆ. ಅವನ ಮನೆಯವರು ಒದ್ದೆ ಟವೆಲ್ ಕಟ್ಟಿದರು. ಒಂಬತ್ತು ಜನ ಹೋಗಿ ಕೈ ಇಟ್ಟು ಬಂದರು. ಮರುದಿನ ಅವರು ಎದ್ದು ಅಂಗಳಕ್ಕೆ ನೀರು ಹಾಕಲಿಲ್ಲ. ಒಂಬತ್ತೂ ಜನರಿಗೆ ಇಡಿಯಾಗಿ ಜ್ವರ, ಕೆಮ್ಮು, ಏದುಸಿರು. ಅಂಗಡಿಯವನ ಜ್ವರ ಮಾತ್ರ ಎಳ್ಳಷ್ಟೂ ಕಡಿಮೆಯಾಗಿರಲಿಲ್ಲ. ಹಂಚಿದರೆ ಹೆಚ್ಚುವ ಜ್ವರವನ್ನು ನಾವು ಕಂಡಿರಲಿಲ್ಲ. ಅವರಲ್ಲಿ ಇಬ್ಬರು ತೀರಿಕೊಂಡರು. ಅವರ ಜ್ವರ ಹಂಚಿಕೊಳ್ಳಲು ಹೋದವರೇ ಅದನ್ನು ಹರಡಿದ್ದೆಂದು ತಿಳಿದಾಗ, ಜನ ತಮ್ಮ ತಮ್ಮ ಅಂಗೈಗಳನ್ನೇ ಹೆದರಿ ನೋಡಿಕೊಂಡರು.

ಆಮೇಲೆ ಊರು ಮುಚ್ಚಿತು. ಜೀಪು ಮೈಕಿನಲ್ಲಿ ಕೂಗುತ್ತ ಬಂದು, ಕೂಗುತ್ತ ಹೋಯಿತು. ಸಂತೆ ನಿಂತ ಮೇಲೆ ಸೋಮವಾರ ಯಾವುದೆಂದು ಗೊತ್ತಾಗದಾಯಿತು, ಸೋಮವಾರವಿಲ್ಲದ ಮೇಲೆ ಉಳಿದ ವಾರಗಳೂ ಒಂದರೊಳಗೊಂದು ಕರಗಿದವು. ಬೇವಿನ ಮರದ ನೆರಳು ಓಣಿಯ ಆ ತುದಿಯಿಂದ ಈ ತುದಿಗೆ ಬರುವುದನ್ನು ಎಲ್ಲರೂ ಕಿಟಕಿಯಲ್ಲಿ ಕುಳಿತು ನೋಡುತ್ತಿದ್ದರು. ತರಕಾರಿ ಗಾಡಿ ಬಂದಾಗ ಸುಣ್ಣದ ವೃತ್ತಗಳಲ್ಲಿ ನಿಂತು ಮೆಂತ್ಯದ ಸೊಪ್ಪಿಗೆ ಚೌಕಾಸಿ ಮಾಡುವುದೇ ದಿನದ ದೊಡ್ಡ ಸಂಗತಿ. ನಾನು ಗುಲಾಬಿ ಸೀರೆಯ ಮೇಲೆ ಪ್ಲಾಸ್ಟಿಕ್ ಅಂಗಿ ತೊಟ್ಟು, ಗ್ಲೌಸು ಹಾಕಿ, ಮನೆಮನೆಯ ಹೊಸ್ತಿಲಲ್ಲಿ ನಿಂತು ಜ್ವರ ನೋಡುತ್ತಿದ್ದೆ, ಬೆರಳಿಗೆ ಆಕ್ಸಿಮೀಟರ್ ಹಚ್ಚುತ್ತಿದ್ದೆ. ಡಾಕ್ಟರು ಹೊರಗಿನವರು, ಒಳ್ಳೆಯವರು. "ಯಾರನ್ನೂ ಮುಟ್ಟಬೇಡಿ, ಯಾರಿಗೂ ಮುಟ್ಟಲು ಬಿಡಬೇಡಿ" ಎಂದು ದಿನಕ್ಕೆ ನಾಲ್ಕು ಸಲ ಫೋನ್ ಮಾಡುತ್ತಿದ್ದರು.

ಜನ ಮೊದಲ ಬಾರಿಗೆ ಪೂರ್ತಿ ಜ್ವರ, ಪೂರ್ತಿ ಕನಸು ಒಬ್ಬೊಬ್ಬರೇ ಅನುಭವಿಸಿದರು. ಅಭ್ಯಾಸವಿಲ್ಲದೆ ಕಂಗಾಲಾದರು. ನಾಲ್ಕನೆಯ ಮನೆಯ ಟೇಲರ್ ರುದ್ರೇಶಿ ಮಂಚದ ಮೇಲೆ ಮುದುಡಿ ಮಲಗಿ, "ಇಷ್ಟ ದೊಡ್ಡದಿರತೈತೇನಕ್ಕಾ ಜ್ವರಾ? ಇದರ ಅಂಚ ಎಲ್ಲೈತಿ?" ಎಂದು ಕೇಳಿದ.

ಗೋಡೆಯ ವಿಷಯ ಪತ್ತೆ ಹಚ್ಚಿದ್ದು ಅಡಿವೆಪ್ಪ ಕಾಕಾ. ಅದನ್ನು ಪತ್ತೆ ಎನ್ನುವುದಕ್ಕಿಂತ ಅವನ ನಿದ್ದೆಬಡುಕತನದ ಫಲ ಎನ್ನಬೇಕು. ಒಂದು ಮಧ್ಯಾಹ್ನ ಸೆಕೆ ತಾಳದೆ ಅಂಗಿ ಬಿಚ್ಚಿ, ರುದ್ರೇಶಿಯ ಮನೆ ಕಡೆಯ ಗೋಡೆಗೆ ಬೆನ್ನು ಆನಿಸಿ ಮಲಗಿದ್ದನಂತೆ. ಎದ್ದವನೇ ಬಾಗಿಲಿಗೆ ಬಂದು ಓಣಿಗೆಲ್ಲ ಕೇಳುವಂತೆ ಕೂಗಿದ.

"ಏ ಕಸ್ತೂರೀ! ನಾ ಮೂವತ್ತ ವರ್ಷ ಟಿಕೆಟ್ ಹರದಾಂವ. ನನಗ್ಯಾಕಬೇ ಇಂಥಾ ಕನಸು? ತುಂಬಿ ಹರಿಯೂ ಹೊಳಿಗೆ ಬ್ಲೌಸ್ ಹೊಲ್ಯಾಕ ಅಳತಿ ತಗೊಳಾಕತ್ತಿದ್ದೆ! ಟೇಪು ಸಾಲವಲ್ದು!"

ಒಳಗಿನಿಂದ ರುದ್ರೇಶಿಯ ದನಿ ಕೇಳಿತು. "ಕಾಕಾ, ಅದು ನಂದು! ಆ ಹೊಳಿ ನಂದು!"

ನಾನು ಓಡಿ ಹೋಗಿ ನೋಡಿದೆ. ಕಾಕಾನ ಮೈ ಸ್ವಲ್ಪ ಬೆಚ್ಚಗಿತ್ತು. ರುದ್ರೇಶಿಯ ಜ್ವರ ಒಂದು ಡಿಗ್ರಿ ಇಳಿದಿತ್ತು. ವಾರವಿಡೀ ಕಾಕಾನ ಗಂಟಲು, ಉಸಿರು, ಬೆರಳು ಎಲ್ಲ ನೋಡುತ್ತಲೇ ಇದ್ದೆ. ಕೆಮ್ಮಿಲ್ಲ, ಏನಿಲ್ಲ. ಮಣ್ಣಿನ ಗೋಡೆ ಜ್ವರವನ್ನು ಆಚೆ ಬಿಟ್ಟು, ರೋಗವನ್ನು ತನ್ನಲ್ಲೇ ಇಟ್ಟುಕೊಂಡಿತ್ತು. ಡಾಕ್ಟರಿಗೆ ಹೇಳಲಿಲ್ಲ. ಹೇಳಿದರೆ ಗೋಡೆಗಳನ್ನೂ ಕ್ವಾರಂಟೈನ್‌ಗೆ ಹಾಕಿಯಾರು ಎಂದು ಕಾಕಾ ಹೆದರಿಸಿದ್ದ.

ಅಂದಿನಿಂದ ಮಧ್ಯಾಹ್ನದ ಊಟವಾದ ಮೇಲೆ ಓಣಿ ಗಪ್ಪಾಗುತ್ತಿತ್ತು. ಪ್ರತಿ ಮನೆಯಲ್ಲೂ ಒಬ್ಬರು ಈ ಗೋಡೆಗೆ ಅಂಗೈ ಊರುವರು, ಇನ್ನೊಬ್ಬರು ಆ ಗೋಡೆಗೆ. ನಡುವೆ ಮನೆಮಂದಿ ಕೈಕೈ ಹಿಡಿದು ನಿಲ್ಲುವರು. ಹೀಗೆ ಯಾರೂ ಯಾರ ಮನೆಗೂ ಹೋಗದೆ ಇಡೀ ಓಣಿ ಕೈ ಹಿಡಿದುಕೊಂಡಿತು. ಜ್ವರ ನಿಧಾನ ಮನೆಯಿಂದ ಮನೆಗೆ ಸರಿದು ಎಲ್ಲರಲ್ಲೂ ಒಂದಿಷ್ಟಿಷ್ಟು ಬೆಚ್ಚಗೆ ನಿಲ್ಲುತ್ತಿತ್ತು. ನನ್ನ ಮನೆಯಲ್ಲಿ ನಾನು ಹತ್ತನೆಯ ಮನೆಯ ಗೋಡೆಗೆ ಕೈ ಊರಿದರೆ, ಇನ್ನೊಂದು ಕೈಯನ್ನು ಚಂಪಾ ಹಿಡಿಯುತ್ತಿದ್ದಳು. ಅವಳ ಮತ್ತೊಂದು ಕೈ ಸುಮ್ಮನೆ ಜೋಲುತ್ತಿತ್ತು. ಅವಳ ಹಿಂದೆ ಸಿಮೆಂಟು ಗೋಡೆ, ಅದರ ಮೇಲೆ ಹೋದ ವರ್ಷದ ಕ್ಯಾಲೆಂಡರು. ಆ ಕಡೆ ನಾವು ನೋಡುತ್ತಿರಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಫಕೀರವ್ವನ ಬಾಗಿಲಲ್ಲಿ ಒದ್ದೆ ಟವೆಲ್ ಕಂಡಿತು. ಅವಳ ಗಂಡ ಎಲ್ಲೋ ದೂರದ ಚೆಕ್‌ಪೋಸ್ಟಿನಲ್ಲಿ ಲಾರಿ ಸಮೇತ ಸಿಕ್ಕಿಬಿದ್ದು ತಿಂಗಳಾಗಿತ್ತು. ನಾನು ಅಂಗಿ ತೊಟ್ಟು ಹೋದೆ. ಒಂಬತ್ತು ವರ್ಷದಲ್ಲಿ ಅವಳ ಹೊಸ್ತಿಲಿಗೆ ಹೋದದ್ದೆಲ್ಲ ಸರಕಾರದ ಕೆಲಸಕ್ಕೆ. ಆಡಿದ ಮಾತೆಲ್ಲ ರಿಜಿಸ್ಟರಿನವು.

"ಜ್ವರಾ ಯಾವಾಗಿಂದ?"

"ನಿನ್ನೆ ಮುಂಜಾನಿಯಿಂದ."

"ಕೆಮ್ಮು?"

"ಐತಿ."

ನೂರ ಮೂರು ಇತ್ತು. ಆಕ್ಸಿಜನ್ ತೊಂಬತ್ತಮೂರು. ನನ್ನ ಮನೆ ಕಡೆಯ ಗೋಡೆಗೆ ಒರಗಿ, ಕೌದಿಯ ತುಂಡುಗಳ ನಡುವೆ ಮಲಗಿದ್ದಳು. ಅವಳ ದೊಡ್ಡ ಕೈ ಚಾಪೆಯ ಮೇಲೆ ಅಂಗಾತ ಬಿದ್ದಿತ್ತು. ಗ್ಲೌಸು ಹಾಕಿದ ನನ್ನ ಕೈಯಿಂದ ಅದರ ಮೇಲೆ ಗುಳಿಗೆಯಿಟ್ಟು ಬಂದೆ. ಡಾಕ್ಟರಿಗೆ ಫೋನ್ ಹಚ್ಚಿದರೆ, "ಎಲ್ಲೂ ಬೆಡ್ ಇಲ್ಲ ಕಸ್ತೂರಿ ಅವರೇ. ಆಂಬುಲೆನ್ಸ್ ನಾಡಿದ್ದು ಕಳಿಸ್ತೀನಿ. ಅಲ್ಲಿವರೆಗೆ ಹೇಗಾದರೂ ಜ್ವರ ಇಳಿಸಿ. ಹೀಗೇ ಏರುತ್ತಾ ಹೋದರೆ ಅವರ ಮೈ ತಡೆಯೋದಿಲ್ಲ" ಎಂದರು. ಅವರ ದನಿಯಲ್ಲಿ ದಣಿವಿತ್ತು.

ಅಂದು ಮಧ್ಯಾಹ್ನ ಓಣಿಯೆಲ್ಲ ಎಂದಿಗಿಂತ ಬೇಗ ಗೋಡೆಗೆ ಕೈ ಊರಿ ನಿಂತಿತು. ಫಕೀರವ್ವ ತೆಗೆದುಕೊಳ್ಳದ ಜ್ವರ ಯಾವ ಮನೆಯದ್ದೂ ಇರಲಿಲ್ಲ. ನನ್ನ ಮನೆಯದೊಂದು ಬಿಟ್ಟು. ಎಲ್ಲರಿಗೂ ಅವಳ ಜ್ವರ ಬೇಕಾಗಿತ್ತು. ಅರ್ಧ ಗಂಟೆಯಾಯಿತು. ಯಾರ ಮೈಯೂ ಬೆಚ್ಚಗಾಗಲಿಲ್ಲ. ಅಡಿವೆಪ್ಪ ಕಾಕಾ ಬಾಗಿಲಿಗೆ ಬಂದು ನನ್ನ ಮನೆಯ ಕಡೆ ನೋಡಿದ. ಅವನು ಅಂದು ಕೂಗಲಿಲ್ಲ.

"ಕಸ್ತೂರಿ," ಎಂದ, "ಆಕಿ ಜ್ವರ ನಿನ್ನ ಗೋಡಿಗೆ ಬಂದು ನಿಂತೈತವಾ."

ನಾನು ಕೇಳಿಸದವಳಂತೆ ಬಾಗಿಲು ಹಾಕಿಕೊಂಡೆ. ಸುಳ್ಳೇಕೆ ಹೇಳಲಿ, ಮನಸ್ಸು ಕರಗಿರಲಿಲ್ಲ. ಐದು ವರ್ಷದ ಮಗು ನರಳುವಾಗ ಬಳೆ ಸಪ್ಪಳ ಮಾಡುತ್ತ ಕೂತವಳು. ಗುಳಿಗೆ ಕೊಟ್ಟಿದ್ದೇನೆ, ಫೋನ್ ಮಾಡಿದ್ದೇನೆ, ನನ್ನ ಕೆಲಸ ಮಾಡಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ.

ಮರುದಿನ ಬೆಳಿಗ್ಗೆ ನೂರ ನಾಲ್ಕೂವರೆ. ನನ್ನನ್ನು ಗುರುತಿಸಲಿಲ್ಲ. ಗುಳಿಗೆ ನುಂಗಲಿಲ್ಲ. ತುಟಿ ಒಡೆದಿತ್ತು, ಮಾತು ತೊದಲುತ್ತಿತ್ತು. ನಾನು ಮನೆಗೆ ಬಂದು ಸೋಪಿನಿಂದ ಕೈ ತಿಕ್ಕಿದೆ, ಮತ್ತೆ ತಿಕ್ಕಿದೆ. ಚಂಪಾ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಹೆಂಗದಾಳವಾ?"

"ನಾಳಿಗೆ ಆಂಬುಲೆನ್ಸ್ ಬರತೈತಿ."

"ನಾಳಿಮಟ ಇರತಾಳೇನು?"

ನಾನು ಮತ್ತೆ ಸೋಪು ಹಿಡಿದೆ.

"ನಾ ಮಲಗಿದಾಗ ಆಕಿ ಬರಲಿಲ್ಲಂತ, ಆಕಿ ಮಲಗಿದಾಗ ನಾವೂ ಹೋಗೂದಿಲ್ಲೇನು?" ಎಂದಳು ಚಂಪಾ. "ಜ್ವರಾ ಬಂದಾಕಿ ನಾನು. ನನಗಿಲ್ಲದ ಸಿಟ್ಟು ನಿನಗ್ಯಾಕ?"

ಹದಿನಾಲ್ಕು ವರ್ಷದ ಮಗಳ ಬಾಯಲ್ಲಿ ಈ ಮಾತು ಕೇಳಿ ನನಗೆ ಮೊದಲು ಸಿಟ್ಟು ಬಂತು, ಆಮೇಲೆ ನಾಚಿಕೆಯಾಯಿತು. ಕ್ಯಾಲೆಂಡರು ಕಿತ್ತೆ. ಪೆಟ್ಟಿಗೆಯಿಂದ ಗಂಡನ ಸುತ್ತಿಗೆ, ಹಳೆಯ ಸ್ಕ್ರೂಡ್ರೈವರ್ ತೆಗೆದೆ. ಮೇಸ್ತ್ರಿ ಅಂದು ಸಿಮೆಂಟಿನ ಜೊತೆ ನನ್ನ ಸಿಟ್ಟನ್ನೂ ಕಲಸಿ ಬಳಿದಿದ್ದನೋ ಏನೋ, ಗೋಡೆ ಜಗ್ಗುವ ಲಕ್ಷಣವೇ ಇರಲಿಲ್ಲ. ಬಡಿದೆ. ಕಿಡಿ ಹಾರಿತು, ಚಕ್ಕೆ ಹಾರಿತು, ಬೆರಳ ಗಂಟು ಜಜ್ಜಿಹೋಯಿತು. ಓಣಿಯುದ್ದಕ್ಕೂ ಸಪ್ಪಳ ಕೇಳಿ ಕಿಟಕಿಗಳು ತೆರೆದವು. ಸೂರ್ಯ ನೆತ್ತಿಗೆ ಬರುವ ಹೊತ್ತಿಗೆ ಒಂದು ಅಂಗೈಯಗಲ ಮಣ್ಣು ಕಂಡಿತು. ಕೆಮ್ಮಣ್ಣು, ನಡುನಡುವೆ ಹುಲ್ಲಿನ ಎಳೆ. ಮುಟ್ಟಿದರೆ ಬಿಸಿ, ಆಗತಾನೆ ಒಲೆಯಿಂದ ಇಳಿಸಿದ ಹಂಚಿನಷ್ಟು ಬಿಸಿ.

ಅಂಗೈ ಊರಿದೆ. ಚಂಪಾ ನನ್ನ ಇನ್ನೊಂದು ಕೈ ಹಿಡಿದು, ತನ್ನ ಕೈಯನ್ನು ಹತ್ತನೆಯ ಮನೆಯ ಗೋಡೆಗೆ ಚಾಚಿದಳು. ಫಕೀರವ್ವನ ಜ್ವರ ಬಂತು. ಅಲ್ಲೇ ಗೋಡೆಗಾನಿ ಕುಳಿತೆ. ಕೈ ಮಾತ್ರ ಬಿಡಲಿಲ್ಲ. ಕಣ್ಣು ಮುಚ್ಚಿತು.

ಕನಸಿನಲ್ಲಿ ನಾನು ಗೋಡೆಯ ಆಚೆ ಇದ್ದೆ. ಮಟಮಟ ಮಧ್ಯಾಹ್ನ. ಎದುರಿಗೆ ಇದೇ ಗೋಡೆ, ಇನ್ನೂ ಸಿಮೆಂಟು ಕಾಣದ ಗೋಡೆ. ಅದರ ಮೇಲೆ ಹಸಿರು ಬಳೆ ತೊಟ್ಟ ದೊಡ್ಡದೊಂದು ಕೈ ಊರಿತ್ತು. ಆ ಕೈ ನನ್ನದೇ ಆಗಿತ್ತು. ಇನ್ನೊಂದು ಕೈ ಹೊಟ್ಟೆಯ ಮೇಲಿತ್ತು. ಹೊಟ್ಟೆ ಸ್ವಲ್ಪವೇ ಉಬ್ಬಿತ್ತು, ಯಾರಿಗೂ ಗೊತ್ತಾಗದಷ್ಟು. ಗೋಡೆಯಾಚೆ ಒಂದು ಮಗು ನರಳುತ್ತಿತ್ತು. ನೋಡನೋಡುತ್ತ ಗೋಡೆ ನೀರಿನಂತೆ ಅಲುಗಿತು. ಅದರೊಳಗಿಂದ ಮೊದಲು ಎರಡು ಕಿವಿ, ಆಮೇಲೆ ಹಳದಿ ಫ್ರಾಕು, ಆಮೇಲೆ ನಾಲ್ಕು ಗೊರಸು. ಆಡು ಮೈ ಕೊಡವಿಕೊಂಡು ನನ್ನನ್ನು ದಾಟಿ ಒಳಮನೆಯ ಕಡೆ ನಡೆಯಿತು. ಅಲ್ಲಿಗೆ ನನ್ನ ಪಾಲು ಮುಗಿಯಿತು.

ಎಚ್ಚರಾದಾಗ ನಾನು ಅಳುತ್ತಿದ್ದೆ. ಅಳು ನಿಲ್ಲಲಿಲ್ಲ. ಆ ಮಧ್ಯಾಹ್ನ ನನ್ನ ಮಗಳ ಜ್ವರ ತಾನಾಗಿ ಇಳಿದಿರಲಿಲ್ಲ. ಬಸುರಿಯಾಗಿ ಹೊಸ್ತಿಲು ತುಳಿಯಲಾರದವಳು ಗೋಡೆಯಿಂದ ತೆಗೆದುಕೊಂಡಿದ್ದಳು. ಆ ಗೋಡೆಗೆ ನಾನು ಸಿಮೆಂಟು ಬಳಿಸಿದ್ದೆ.

ಸಂಜೆಯ ಹೊತ್ತಿಗೆ ಹನ್ನೊಂದು ಮನೆಯವರೂ ಬೆವರಿ ಒದ್ದೆಯಾಗಿದ್ದರು. ಫಕೀರವ್ವನ ಜ್ವರ ನೂರ ಒಂದಕ್ಕೆ ಇಳಿಯಿತು, ಮರುದಿನ ನೂರಕ್ಕೆ. ಕೆಮ್ಮು ಅವಳ ಹತ್ತಿರವೇ ಉಳಿಯಿತು. ಆದರೆ ಉಸಿರು ಹಿಡಿತಕ್ಕೆ ಬಂತು, ಆಕ್ಸಿಜನ್ ತೊಂಬತ್ತಾರಕ್ಕೇರಿತು. ಆಂಬುಲೆನ್ಸಿನಲ್ಲಿ ಬಂದ ಡಾಕ್ಟರು ಅವಳನ್ನು ನೋಡಿ, ನನ್ನ ಬೆರಳಿನ ಪಟ್ಟಿ ನೋಡಿ, ಏನೂ ಕೇಳದೆ ಬೇರೆಯವರನ್ನು ಹತ್ತಿಸಿಕೊಂಡು ಹೋದರು.

ಅವಳು ಎದ್ದು ಕೂರುವಂತಾದ ಮೇಲೆ ಓಣಿಯವರು ಒಬ್ಬೊಬ್ಬರಾಗಿ ಬಂದು, ಅವಳ ಮನೆಯೆದುರಿನ ಸುಣ್ಣದ ವೃತ್ತದಲ್ಲಿ ನಿಂತು, ತಮ್ಮ ಪಾಲಿನ ಕನಸು ಹೇಳಿ ಹೋದರು. ಅಡಿವೆಪ್ಪ ಕಾಕಾಗೆ ಲಾರಿ ಬಂದಿತ್ತು. ಅದರಲ್ಲಿ ತನಗೆ ಸೀಟೇ ಸಿಗಲಿಲ್ಲವೆಂದು ದೂರಿದ. ರುದ್ರೇಶಿಗೆ ಆಕಾಶದಷ್ಟು ಅಗಲದ ಕೌದಿ ಬಂದಿತ್ತು. ನಾನು ಎಲ್ಲರೂ ಮುಗಿಯುವವರೆಗೆ ಕಾದೆ. ದಿನಾ ಹೊಸ್ತಿಲಿಗೆ ಹೋಗಿ ಜ್ವರ ನೋಡುತ್ತಿದ್ದೆ, ಗುಳಿಗೆ ಕೊಡುತ್ತಿದ್ದೆ. ಕನಸು ಮಾತ್ರ ಹೇಳದೆ ವಾಪಸು ಬರುತ್ತಿದ್ದೆ.

ಕೊನೆಗೆ ಒಂದು ಬೆಳಿಗ್ಗೆ ಪ್ಲಾಸ್ಟಿಕ್ ಅಂಗಿ ಹಾಕದೆ, ಮಾಸ್ಕ್ ಒಂದನ್ನೇ ಕಟ್ಟಿಕೊಂಡು ಹೋಗಿ ವೃತ್ತದಲ್ಲಿ ನಿಂತೆ. ಫಕೀರವ್ವ ಬಾಗಿಲಲ್ಲಿ ಗೋಡೆಗೊರಗಿ ಬಿಸಿಲು ಕಾಯುತ್ತಿದ್ದಳು.

"ಫಕೀರಕ್ಕಾ," ಎಂದೆ. ಒಂಬತ್ತು ವರ್ಷದ ಮೇಲೆ ಆ ಹೆಸರು ನನ್ನ ಬಾಯಿಂದ ಬಂತು. "ನನ್ನ ಪಾಲಿನ ಕನಸು ಹೇಳಾಕ ಬಂದೀನಿ. ನನಗ ಒಂದು ಆಡು ಬಂದಿತ್ತು. ಹಳದಿ ಫ್ರಾಕು ತೊಟ್ಟಿತ್ತು."

ಅವಳು ನನ್ನ ಜಜ್ಜಿದ ಬೆರಳನ್ನು ನೋಡಿದಳು.

"ಅದು ನಂದಲ್ಲ ಕಸ್ತೂರಿ. ನಿನ್ನ ಮಗಳದು. ಕೊಡಬೇಕಂತ ಒಂಬತ್ತ ವರ್ಷದಿಂದ ಇಟಗೊಂಡು ಕುಂತೀನಿ."

"ಬಂದು ಹೇಳಬಾರದಿತ್ತೇನಕ್ಕಾ?"

"ಹೆಂಗ ಬರಲಿ? ಮೂರ ಸಲ ಬಸಿರ ನಿಲ್ಲಲಿಲ್ಲ, ಈ ಸಲನೂ ಹೋತಂದ್ರ ಯಾರಿಗೂ ಗೊತ್ತಾಗೂದು ಬ್ಯಾಡಂತ ಬಾಯಿ ಬಿಟ್ಟಿರಲಿಲ್ಲ. ಅದೂ ಹೋತು. ಹಾಸಿಗಿ ಹಿಡದೆ. ತಿಂಗಳ ಮ್ಯಾಲೆ ಎದ್ದು, ಕನಸ ಕೊಟ್ಟ ಬರೂಣಂತ ಸೀರಿ ಬದಲ ಮಾಡೀನಿ, ಗೋಡಿಗೆ ಸಿಮೆಂಟ ಬಳಿಯೂ ಕರಣಿ ಸಪ್ಪಳ ಕೇಳಿಸ್ತು. ಹೊಳ್ಳಿ ಹೋಗಿ ಮಲಗಿದೆ."

ಸುಣ್ಣದ ವೃತ್ತದೊಳಗೇ ಕೂತೆ. "ನನ್ನ ಮಗಳ ಜ್ವರದಿಂದ ನಿನ್ನ ಕೂಸು..." ಎಂದೆ.

"ಅದನ್ನ ನಾ ಎಂದೂ ಹಂಗ ಅಂದಕೊಂಡಿಲ್ಲ. ನೀನೂ ಅನಬ್ಯಾಡ," ಎಂದಳು ಅವಳು ಗದರಿದಂತೆ. ಆಮೇಲೆ ದನಿಯೆತ್ತಿ ನಮ್ಮ ಮನೆಯ ಕಡೆ ಕೂಗಿದಳು. "ಚಂಪೀ! ಬಾರವಾ ಇಲ್ಲೆ. ನಿಂದೊಂದು ನನ್ನ ಹತ್ರ ಉಳದೈತಿ."

ಚಂಪಾ ಓಡಿ ಬಂದು ನನ್ನ ಪಕ್ಕದ ವೃತ್ತದಲ್ಲಿ ಕುಳಿತಳು. ಉದ್ದ ಬೆಳೆದ ಹುಡುಗಿ, ಮಂಡಿ ಮಡಚಿ ಗಲ್ಲ ಊರಿ ಕುಳಿತಾಗ ಐದು ವರ್ಷದವಳಂತೆಯೇ ಕಂಡಳು. ಮೂವರ ನಡುವೆ ಬಿಸಿಲು ಬಿದ್ದಿತ್ತು.

"ನಿನ್ನ ಆಡು ನಿಮ್ಮ ಬಾಗಲಿಗೆ ಬಂದು ನಿಂತಿತ್ತಲ್ಲಾ," ಎಂದಳು ಫಕೀರವ್ವ, "ಅದಕ್ಕ ಬಾಗಲಾ ತೆಗಿಯವರಿರಲಿಲ್ಲ. ಗೋಡಿ ದಾಟಿ ನಮ್ಮನಿಗೆ ಬಂತು."

"ಮುಂದ?"

"ಮುಂದೇನು, ಭಾಳ ದಣದಿತ್ತು. ಒಳಗ ತೊಟ್ಟಿಲಾ ಕಟ್ಟಿದ್ದೆ, ಯಾರಿಗೂ ಹೇಳದ ಕಟ್ಟಿದ್ದೆ. ಅದರಾಗ ಹೋಗಿ ಮಲಕೊಂತು. ನಾ ಅದಕ್ಕ ನಿದ್ದಿ ಹತ್ತೂಮಟ ತೂಗಿದೆ."